ದಾವಣಗೆರೆಯಿಂದ ಸಮುದ್ರಕ್ಕೆ ಹೋಗಿ ಅದೇ ರಾತ್ರಿ ವಾಪಸ್: ಮೂರನೇ ಸಲ ಕೈಗೂಡಿತು

"ಒಂದೇ ದಿನಕ್ಕೆ ಸಮುದ್ರನಾ? ಕಾರಾಗೆ ಕುಂತು ಬರ್ತೀಯ ಅಷ್ಟೆ. ನಿಜವಾಗ್ಲೂ ಹೋದ್ರೆ ಬಂಗುಡೆ ತಗಂಬಾ, ನಂಬ್ತೀನಿ" ಅಂದಿದ್ದರು ನಮ್ಮ ಸೋದರಮಾವ. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಮೊದಲ ಎರಡು ಸಲ ಹಾಗೇ ಆಗಿತ್ತು.

ಮೊದಲ ಸಲ ಬೆಳಿಗ್ಗೆ ಆರಕ್ಕೆ ಹೊರಟು ಶಿವಮೊಗ್ಗ, ಸಾಗರ, ಹೊನ್ನಾವರ ಹಿಡಿದು ಮುರುಡೇಶ್ವರಕ್ಕೆ ಹೋದೆವು. ಮುಟ್ಟುವಷ್ಟರಲ್ಲಿ ಒಂದು ಗಂಟೆ. ಗುಡಿ ಬಾಗಿಲು ಹಾಕಿತ್ತು. ಬಂದದ್ದೇ ಬಂದಿದ್ದೀವಿ, ಸೂರ್ಯ ಮುಳುಗೋದನ್ನಾದರೂ ನೋಡೋಣ ಅಂತ ನಿಂತೆವು, ಅಲ್ಲೇ ಕೆಟ್ಟಿದ್ದು. ಗೇರುಸೊಪ್ಪೆ ಘಟ್ಟ ಹತ್ತುವಾಗ ಕತ್ತಲೆ, ಮಂಜು, ಮುಂದೆ ಸಾಲು ಲಾರಿ. ಹಿಂದಿನ ಸೀಟಿನಲ್ಲಿ ಅವ್ವ ಕಂಡ ದೇವರಿಗೆಲ್ಲಾ ಹರಕೆ ಹೊತ್ತಳು. ಮನೆ ಸೇರಿದ್ದು ರಾತ್ರಿ ಎರಡೂವರೆಗೆ, ಮರುದಿನ ಕೆಲಸಕ್ಕೆ ರಜೆ.

ಎರಡನೇ ಸಲ ಏಪ್ರಿಲ್, ಭಾನುವಾರ, ಗೋಕರ್ಣ. ಕಾರು ನಿಲ್ಲಿಸೋಕೆ ಜಾಗ ಹುಡುಕಿದ್ದೇ ಮುಕ್ಕಾಲು ಗಂಟೆ. ಮಧ್ಯಾಹ್ನದ ಮರಳಿನಲ್ಲಿ ಕಾಲು ಇಡೋಕಾಗಲ್ಲ. ವಾಪಸ್ ಬರುವಾಗ ಕುಮಟಾ ಕಡೆ ಒಂದು ಬೀಚಿನಲ್ಲಿ, ಇನ್ನೊಂದು ಹತ್ತು ಅಡಿ ಮುಂದಕ್ಕೆ ಹೋದರೆ ನೆರಳು ಸಿಗುತ್ತೆ ಅಂತ ಕಾರು ಇಳಿಸಿದೆ. ಚಕ್ರ ಅರ್ಧ ಹೂತುಹೋಯಿತು. ಟ್ರ್ಯಾಕ್ಟರಿನವನು 700 ರೂಪಾಯಿ ಕೇಳಿದ, ಚೌಕಾಶಿ ಮಾಡುವ ಮುಖ ನನಗಿರಲಿಲ್ಲ. ಆ ದಿನ ಆದ ಲಾಭ ಅಂದರೆ ಹೆದ್ದಾರಿ ಬದಿ ಜಡೆ ಕಟ್ಟಿ ತೂಗುಹಾಕಿದ್ದ ಕುಮಟಾದ ಸಿಹಿ ಈರುಳ್ಳಿ. ಜೋಳದ ರೊಟ್ಟಿ ಜೊತೆ ಹಸಿಯಾಗಿಯೇ ತಿನ್ನಬಹುದು, ಖಾರವೇ ಇಲ್ಲ. ಅವ್ವ ಹರಕೆಯ ವಿಷಯ ಮರೆತಳು.

ಮೂರನೇ ಸಲ ಎರಡು ಆಸೆ ಬಿಟ್ಟೆ. ಗೋಕರ್ಣ ಬೇಡ, ಸೂರ್ಯಾಸ್ತ ಬೇಡ. ಘಟ್ಟ ಎರಡನ್ನೂ ಬೆಳಕಿದ್ದಾಗಲೇ ದಾಟಬೇಕು, ಉಳಿದದ್ದೆಲ್ಲಾ ಅದಕ್ಕೆ ಹೊಂದಿಸಿಕೊಳ್ಳಬೇಕು.

ಡಿಸೆಂಬರ್, ಮಂಗಳವಾರ. ಮಕ್ಕಳ ಸ್ಕೂಲಿಗೆ ಒಂದು ದಿನ ಚಕ್ಕರ್. ಬೆಳಗಿನ ಜಾವ ಮೂರೂಕಾಲಿಗೆ ಬಿಟ್ಟೆವು. ಹರಿಹರ, ರಾಣೆಬೆನ್ನೂರು, ಹಾವೇರಿವರೆಗೆ ಹೈವೇ, ನಾಲ್ಕೂವರೆಗೆ ಹಾವೇರಿ. ಅಲ್ಲಿಂದ ಶಿರಸಿ ಆರೂಕಾಲಿಗೆ. ಇಲ್ಲೊಂದು ಮಾತು, ಶಿರಸಿಯಲ್ಲಿ ಟೀಗೆ ನಿಲ್ಲಿಸಿದರೂ ಮಕ್ಕಳನ್ನು ಎಬ್ಬಿಸಬೇಡಿ. ಲಿಂಬೆಹಣ್ಣು ಮೂಸಿಸಿ ನೋಡಿದ್ದೆ, ಖಾಲಿ ಹೊಟ್ಟೆ ಮಾಡಿಸಿ ನೋಡಿದ್ದೆ, ಯಾವುದಕ್ಕೂ ವಾಂತಿ ನಿಂತಿರಲಿಲ್ಲ. ಈ ಸಲ ದೇವಿಮನೆ ಘಟ್ಟದ ತಿರುವೆಲ್ಲಾ ನಿದ್ದೆಯಲ್ಲೇ ದಾಟಿದವು. ಹೊರಡುವ ಮುಂಚೆ ರಸ್ತೆ ತೆರೆದಿದೆಯಾ ಅಂತ ಮಾತ್ರ ವಿಚಾರಿಸಿಕೊಳ್ಳಿ, ಮಳೆಗಾಲದಲ್ಲಂತೂ ಅಲ್ಲಿ ಗುಡ್ಡ ಕುಸಿಯುತ್ತೆ.

ಎಂಟೂಕಾಲಿಗೆ ಕುಮಟಾ. ಮನೆಯಿಂದ ಒಯ್ದ ಮಂಡಕ್ಕಿ ಒಗ್ಗರಣೆ ಅಲ್ಲೇ ಖಾಲಿ. ಧಾರೇಶ್ವರದ ಆಸುಪಾಸಿನಲ್ಲಿ ಒಂದು ಬೀಚಿದೆ, ನಾವೈದು ಜನ ಬಿಟ್ಟರೆ ಬಲೆ ಬಿಡಿಸುತ್ತಿದ್ದ ಇಬ್ಬರು ಅಷ್ಟೆ. ಹೆಸರು ಹೇಳಲ್ಲ, ಹೇಳಿದರೆ ಮುಂದಿನ ಸಲ ನನಗೇ ಜಾಗ ಇರಲ್ಲ. ನೀರು ಹಿಂದೆ ಸರಿದಿರೋ ಹೊತ್ತಿಗೇ ಸರಿಯಾಗಿ ಹೋಗಿದ್ದೆವು, ಅದು ಅದೃಷ್ಟ ಅಲ್ಲ, ಪಂಚಾಂಗ ನೋಡಿ ಆರಿಸಿದ ದಿನ. ಅಮಾವಾಸ್ಯೆ ಹುಣ್ಣಿಮೆಗೆ ಉಬ್ಬರ ಜೋರು ಅನ್ನೋದು ಗೊತ್ತಲ್ವಾ, ಮಿಕ್ಕ ಲೆಕ್ಕ ನೀವೇ ಹಾಕಿ.

ಆಮೇಲೆ ಹೊನ್ನಾವರದ ಪಕ್ಕದ ಕಾಸರಕೋಡು ಇಕೋ ಬೀಚ್. 2020ರಲ್ಲಿ ಬ್ಲೂ ಫ್ಲ್ಯಾಗ್ (ಚೊಕ್ಕ, ಸುರಕ್ಷಿತ ಬೀಚುಗಳಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ) ಸಿಕ್ಕ ಬೀಚು ಇದು, ಚೊಕ್ಕವಾಗಿದೆ, ಆದರೆ ಡಿಸೆಂಬರಿನಲ್ಲಿ ಸ್ಕೂಲ್ ಟೂರ್ ಬಸ್ಸು ಬರೋದಕ್ಕೆ ಮುಂಚೆ ಹೋಗಬೇಕು. ಮುರುಡೇಶ್ವರದಲ್ಲಿ ಈ ಸಲ ಬಾಗಿಲು ಹಾಕುವ ಮುಂಚೆಯೇ ಅವ್ವನಿಗೆ ದರ್ಶನ ಆಯಿತು. ಊಟ ಮುಗಿಸಿ ಹೊನ್ನಾವರಕ್ಕೆ ವಾಪಸ್, ನಾಲ್ಕಕ್ಕೆ ಸಮುದ್ರಕ್ಕೆ ಬೆನ್ನು. ಮಕ್ಕಳು ಅತ್ತವು. ನಾನು ಕರಗಲಿಲ್ಲ.

ಸೂರ್ಯ ಇನ್ನೂ ಇದ್ದಾಗಲೇ ಜೋಗದ ಹತ್ತಿರ ಟೀ. ಜಲಪಾತಕ್ಕೆ ಇಳಿಯಲಿಲ್ಲ. ಎಂಟೂವರೆಗೆ ಶಿವಮೊಗ್ಗದಲ್ಲಿ ಊಟ, ಹೊನ್ನಾಳಿ ಮೇಲೆ ಹನ್ನೊಂದಕ್ಕೆ ಊರು. ಮೀಟರಿನಲ್ಲಿ ಸುಮಾರು 540 ಕಿಲೋಮೀಟರು. ನಮ್ಮ ಹಳೇ ವ್ಯಾಗನಾರ್ ಲೀಟರಿಗೆ 16ರ ಹತ್ತಿರ ಕೊಟ್ಟಿತು, ಪೆಟ್ರೋಲ್ 3,500. ಚಳಗೇರಿ, ಹೊಳೆಗದ್ದೆ ಟೋಲು, ಊಟ ತಿಂಡಿ ಎಲ್ಲಾ ಸೇರಿ 5,500 ದಾಟಿರಲಿಕ್ಕಿಲ್ಲ. ರೂಮು ಮಾಡಿದ್ದರೆ ಅದಕ್ಕೇ ಇನ್ನೊಂದು ಮೂರು ಸಾವಿರ. ಚಿತ್ರದುರ್ಗದವರು ಹೋಗ್ತಾ ಒಂದು ಗಂಟೆ, ಬರ್ತಾ ಒಂದು ಗಂಟೆ ಸೇರಿಸಿಕೊಳ್ಳಿ.

ಮೀನಿನ ಕಥೆ ಬೇರೆ. ಮೊದಲ ಸಲ ಥರ್ಮಾಕೋಲ್ ಡಬ್ಬಿಗೆ ಸುಮ್ನೆ ಐಸ್ ತುಂಬಿ ತಂದಿದ್ದೆ, ನೀರು ಸೋರಿ ಡಿಕ್ಕಿ ಎರಡು ತಿಂಗಳು ನಾರಿತು. ಈ ಸಲ ಡಬ್ಬಿಯೊಳಗೆ ದಪ್ಪ ಪ್ಲಾಸ್ಟಿಕ್ ಚೀಲ, ಒಂದು ಸಾಲು ಐಸಿಗೆ ಒಂದು ಹಿಡಿ ಕಲ್ಲುಪ್ಪು, ಮುಚ್ಚಳದ ಸುತ್ತ ಟೇಪು. ಹೊನ್ನಾವರ ಬಿಡುವಾಗ ಕೊನೆಗೆ ಕೊಂಡದ್ದು ಮೀನೇ.

ಮನೆಗೆ ಹೋಗುವ ಮುಂಚೆ ಮಾವನ ಮನೆ ಬಾಗಿಲು ಬಡಿದೆ. ಲುಂಗಿ ಕಟ್ಟಿಕೊಳ್ಳುತ್ತಾ ಎದ್ದು ಬಂದರು. ಎಂಟು ಬಂಗುಡೆ, ಐಸ್ ಇನ್ನೂ ಅಂಟಿಕೊಂಡೇ ಇತ್ತು.