ಪಕ್ಕದವರ ಬೇಲಿ ಎರಡು ಅಡಿ ಒಳಗೆ ಬಂದಾಗ

ಪುಣೆ ಹತ್ತಿರ ತಳೇಗಾಂವ್ ಕಡೆ ನನ್ನದೊಂದು ಮೂರು ಗುಂಟೆಯ ಎನ್.ಎ. (ಕೃಷಿಯೇತರ) ಪ್ಲಾಟ್ ಇದೆ. ಪಿಂಪ್ರಿಯಲ್ಲಿ ನೌಕರಿಯಲ್ಲಿದ್ದಾಗ ತಗೊಂಡಿದ್ದು. ಪಕ್ಕದ ಪ್ಲಾಟಿನವರು ವಿಜಯಪುರದ ಕಡೆಯವರು. ಅವರು ಸಿಮೆಂಟ್ ಕಂಬ ನಿಲ್ಲಿಸಿ ಜಾಳಿ ಹೊಡೆಸಿದ ಮೇಲೆ ಟೇಪ್ ಹಿಡಿದು ನೋಡಿದೆ. ನನ್ನ ಅಗಲದಲ್ಲಿ ಎರಡು ಅಡಿ ಕಡಿಮೆ! ಉದ್ದ ಅರವತ್ತು ಅಡಿ. ಅಂದರೆ 120 ಚದರ ಅಡಿ ಹೋಯಿತು.

ಫೋನ್ ಮಾಡಿದೆ. "ಸರ, ನಿಮ್ಮ ಜಾಗಾ ನನಗ್ಯಾಕ ಬೇಕ್ರೀ? ನನ್ನ ಪ್ಲಾಟ್ ಎಷ್ಟ್ ಅಗಲ ಐತಿ, ಅಷ್ಟ ಅಳದು ಕಂಬ ಹಾಕ್ಸೀನಿ" ಅಂದರು. ದನಿಯಲ್ಲಿ ಕಳ್ಳತನ ಕಾಣಲಿಲ್ಲ. ಹಾಗಂತ ಸುಮ್ನೆ ಬಿಡುವಂತಿರಲಿಲ್ಲ. ನಮ್ಮ ಜಾಗದಲ್ಲಿ ಇನ್ನೊಬ್ಬರು ತಮ್ಮದೇ ಅಂತ 12 ವರ್ಷ ರಾಜಾರೋಷವಾಗಿ ಕೂತರೆ, ಆಮೇಲೆ ಕೋರ್ಟಿನಲ್ಲಿ ವಾಪಸ್ ಕೇಳುವ ಹಕ್ಕೇ ಹೋಗಬಹುದು.

ಗೆಳೆಯರು ಪೊಲೀಸ್ ಕಂಪ್ಲೇಂಟ್ ಕೊಡು ಅಂದರು. ಹದ್ದಿನ, ಅಂದರೆ ಗಡಿಯ ಜಗಳ ದಿವಾಣಿ (ಸಿವಿಲ್) ಪ್ರಕರಣ, ಹೊಡೆದಾಟ ಆಗದೆ ಪೊಲೀಸರು ಏನು ಮಾಡುತ್ತಾರೆ? ಒಬ್ಬರಂತೂ ಕಂಬ ಕಿತ್ತು ಹಾಕು ಅಂದರು. ಕಿತ್ತಿದ್ದರೆ ಕೇಸು ನನ್ನ ಮೇಲೆಯೇ ಬೀಳುತ್ತಿತ್ತು.

ಮಹಾರಾಷ್ಟ್ರದಲ್ಲಿ ಇದಕ್ಕೆ ಸರಿಯಾದ ದಾರಿ ಮೋಜಣಿ, ಅಂದರೆ ಸರ್ಕಾರಿ ಅಳತೆ. ಭೂಮಿ ಅಭಿಲೇಖ (ಭೂದಾಖಲೆ) ಕಚೇರಿಗೆ ಅರ್ಜಿ ಹಾಕಬೇಕು. ನಮ್ಮದು ಮಾವಳ ತಾಲೂಕು, ಹಾಗಾಗಿ ವಡಗಾಂವ್. ಅರ್ಜಿಯಲ್ಲಿ 'ಹದ್ದ ಕಾಯಮ್' (ಗಡಿ ಗುರುತಿಸುವ) ಮೋಜಣಿ ಅಂತಲೇ ಕೇಳಬೇಕು. ಸಾತ್‌ಬಾರಾ ಉತಾರಾ (ನಮ್ಮ ಪಹಣಿಯಂಥ ದಾಖಲೆ), ಖರೀದಿ ಪತ್ರ, ಮಂಜೂರಾದ ಲೇಔಟ್ ನಕಾಶೆ ಇಟ್ಟುಕೊಂಡಿರಬೇಕು. ಒಂದೇ ಸಾತ್‌ಬಾರಾದಲ್ಲಿ ನಾಲ್ಕಾರು ಹೆಸರು ಸೇರಿಸಿ ಗುಂಟೆ ಲೆಕ್ಕದಲ್ಲಿ ಕೊಂಡವರಿಗೆ ಇಲ್ಲಿ ತೊಡಕು ಜಾಸ್ತಿ. ಪಾಲು ಬೇರೆಯಾಗದೆ ಇಬ್ಬರ ನಡುವಿನ ಗೆರೆ ಯಾವ ನಕಾಶೆಯಲ್ಲೂ ಇರುವುದಿಲ್ಲ. ಅಳೆಯುವವರಾದರೂ ಯಾವುದನ್ನು ನೋಡಿ ಅಳೆಯಬೇಕು?

ನಾನೊಬ್ಬನೇ ಅರ್ಜಿ ಹಾಕಬಹುದಿತ್ತು. ಕಾಯಿದೆ ಪ್ರಕಾರ ಪಕ್ಕದವರಿಗೆ ನೋಟಿಸ್ ಹೋದರೆ ಸಾಕು. ಆದರೆ ಒಬ್ಬರು ದುಡ್ಡು ಕಟ್ಟಿ ಕರೆಸಿದ ಮೋಜಣಿ ಅಂದರೆ ಇನ್ನೊಬ್ಬರಿಗೆ ಅನುಮಾನ ಇದ್ದೇ ಇರುತ್ತದೆ. ಅದಕ್ಕೆ ಅವರ ಮನೆಗೇ ಹೋದೆ. "ಇಬ್ಬರದೂ ಒಟ್ಟಿಗೆ ಅಳೆಸೋಣ. ಗೆರೆ ಎಲ್ಲಿ ಬರುತ್ತೋ ಅಲ್ಲಿ ಇಬ್ಬರೂ ಒಪ್ಪೋಣ" ಅಂದೆ. ಯೋಚನೆ ಮಾಡಿ ಹೂಂ ಅಂದರು. ಅವರವರ ಫೀ ಅವರವರು ಕಟ್ಟಿದೆವು.

ಮಳೆಗಾಲ ಕಳೆದ ಮೇಲೆ ಭೂಕರಮಾಪಕರು (ಸರ್ವೆಯರ್) ರೋವರ್ ಅನ್ನುವ ಅಳತೆ ಯಂತ್ರ ತಂದರು. ಅಚ್ಚರಿ ಕಂಡಿದ್ದು ಅಲ್ಲೇ. ಪಕ್ಕದವರ ಆಚೆ ಬದಿಯ ಮೂಲೆ ಪ್ಲಾಟಿನವರ ಕಾಂಪೌಂಡ್ ಗೋಡೆಯೇ ಎರಡು ಅಡಿ ಈಚೆ ಇತ್ತು. ನಮ್ಮ ಪಕ್ಕದವರ ಕಾಂಟ್ರಾಕ್ಟರ್ ಆ ಗೋಡೆಯಿಂದ ಟೇಪ್ ಎಳೆದಿದ್ದ. ಅವರ ಅಗಲ ಸರಿ, ಶುರು ಮಾಡಿದ ಜಾಗ ತಪ್ಪು. ಅತ್ತ ಅವರು ಕಳೆದುಕೊಂಡಿದ್ದು ಇತ್ತ ನನ್ನ ಕಡೆಯಿಂದ ತುಂಬಿಕೊಂಡಿತ್ತು. ನಾನೂ ಅವರ ಬೇಲಿಯಿಂದಲೇ ಅಳೆದು ಕಾಂಪೌಂಡ್ ಕಟ್ಟಿದ್ದರೆ ಸಾಲಿನ ಕೊನೆಯವರೆಗೂ ಎಲ್ಲರೂ ಎರಡೆರಡು ಅಡಿ ಸರಿಯುತ್ತಿದ್ದರು!

ಪಕ್ಕದವರು ಸಿಟ್ಟಿನಿಂದ ಕೆಂಪಾದರು. "ಮೊದಲ ಅವ್ರು ನನಗ ಬಿಡ್ಲಿ, ಆಮ್ಯಾಲ ನಾ ನಿಮಗ ಬಿಡ್ತೀನಿ" ಅಂದರು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಅನ್ನುತ್ತಿದ್ದೆ. ಆದರೆ ಆ ಗೋಡೆ ಪಕ್ಕಾ ಕಟ್ಟಿದ್ದು, ಮಾಲೀಕರು ಮುಂಬೈಯಲ್ಲಿ. ಅದು ಮುಗಿಯುವವರೆಗೆ ನಾನು ಕಾಯಲಾರೆ ಅಂದೆ. ಕಂಬ ಸರಿಸುವ ಖರ್ಚಿನಲ್ಲಿ ಅರ್ಧ ನನ್ನದು ಅಂತಲೂ ಹೇಳಿದೆ. ತಪ್ಪು ನನ್ನದಲ್ಲದಿದ್ದರೂ ವಕೀಲರ ಫೀಗಿಂತ ಅದು ಅಗ್ಗ ಅಲ್ವಾ?

ನಡುವೆ ಯಾರೋ, ದುಡ್ಡು ಇಸಕೊಂಡು ಬೇಲಿ ಇದ್ದಲ್ಲೇ ಬಿಡಿ ಅಂದರು. ನಾನು ಒಪ್ಪಲಿಲ್ಲ. ಜಾಗ ಮಾರಿದ ಹಾಗಾದರೆ ನೋಂದಣಿ ಆಗಲೇಬೇಕು, ಸ್ಟಾಂಪ್ ಪೇಪರಿನಲ್ಲಿ ಬರೆದುಕೊಂಡರೆ ಸಾಲದು. ನಾವು ಬರೆದಿದ್ದು ಇಷ್ಟೇ: ಮೋಜಣಿಯ ಗೆರೆ ಇಬ್ಬರಿಗೂ ಒಪ್ಪಿಗೆ, ಬೇಲಿ ಅದರ ಮೇಲೆ. ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿದೆವು.

ಅಧಿಕಾರಿಗಳು ತೋರಿಸಿದ ಗುರುತುಗಳಲ್ಲಿ ಅವತ್ತೇ ಕಲ್ಲು ಹುಗಿದು ಕಾಂಕ್ರೀಟ್ ಹಾಕಿಸಿ, ಇಬ್ಬರೂ ನಿಂತು ಫೋಟೊ ತೆಗೆದುಕೊಂಡೆವು. ಸುಣ್ಣದ ಗೆರೆ ನಂಬಿದರೆ ಒಂದು ಮಳೆಗೆ ಹೋಗುತ್ತದೆ. ಮೋಜಣಿ ನಕಾಶೆಯ 'ಕ ಪ್ರತ', ಅಂದರೆ ಅರ್ಜಿದಾರರಿಗೆ ಕೊಡುವ ಪ್ರತಿ, ಆಮೇಲೆ ಸಿಕ್ಕಿತು. ಅದರ ಒಂದು ಝೆರಾಕ್ಸ್ ಹಿಡಿದು ಪಕ್ಕದವರು ಈಗ ಮೂಲೆ ಪ್ಲಾಟಿನವರ ಜೊತೆ ಮಾತಿಗೆ ಕೂತಿದ್ದಾರೆ. ಸಾಕ್ಷಿಗೆ ಬೇಕಾದರೆ ಬರುತ್ತೇನೆ ಅಂದಿದ್ದೇನೆ.