ಮೊದಲು ತೊಟ್ಟಿಯ ಲೆಕ್ಕ, ಆಮೇಲೆ ಪೈಪು

ತುಮಕೂರು ಕಡೆಯ ಕೆಂಪು ಮಣ್ಣಿನ ಹಿತ್ತಿಲು ನಮ್ಮದು. 40 ಅಡಿ ಅಗಲ, 60 ಅಡಿ ಉದ್ದ. ಎರಡು ತೆಂಗು, ಒಂದು ನಿಂಬೆ, ಒಂದು ಸೀಬೆ, ಬೇಲಿಯುದ್ದಕ್ಕೂ ಮಲ್ಲಿಗೆ, ನಡುವೆ ನಾಲ್ಕು ಸೊಪ್ಪು-ತರಕಾರಿ ಮಡಿ. ಮೊದಲ ಸಲ ಹನಿ ನೀರಾವರಿ ಮಾಡಿದಾಗ ಸಿದ್ಧ ಕಿಟ್ ತಂದು, 12 ಎಂಎಂನ ಒಂದೇ ಪೈಪನ್ನು ಎಲ್ಲ ಗಿಡಗಳ ಬುಡಕ್ಕೂ ಸುತ್ತಿಸಿ, ಒಂದೇ ವಾಲ್ವ್ ಇಟ್ಟಿದ್ದೆ. ಬೇಸಿಗೆ ಮುಗಿಯುವುದರೊಳಗೆ ಕೊತ್ತಂಬರಿಯ ಬುಡ ಕೊಳೆಯಿತು. ತೆಂಗಿನ ಹರಳು ಉದುರತೊಡಗಿತು. ಒಂದಕ್ಕೆ ನೀರು ಹೆಚ್ಚು, ಇನ್ನೊಂದಕ್ಕೆ ಸಾಲದು. ಎಲ್ಲವನ್ನೂ ಕಿತ್ತು ಮತ್ತೆ ಮೊದಲಿಂದ ಶುರು ಮಾಡಿದೆ.

ಈ ಸಲ ಅಂಗಡಿಗೆ ಹೋಗುವ ಮೊದಲು ಒತ್ತಡದ ಲೆಕ್ಕ ಹಾಕಿದೆ. ನೀರು ಬರುವುದು ಮಹಡಿಯ ಮೇಲಿನ ತೊಟ್ಟಿಯಿಂದ. ಅದರ ತಳ ನೆಲದಿಂದ 11 ಅಡಿ ಎತ್ತರದಲ್ಲಿದೆ. ಹತ್ತು ಮೀಟರ್ ಎತ್ತರಕ್ಕೆ ಚದರ ಸೆಂಟಿಮೀಟರ್‌ಗೆ ಸುಮಾರು ಒಂದು ಕೆ.ಜಿ. ಒತ್ತಡ. ಎಂದರೆ ನನಗೆ ಸಿಗುವುದು ಅದರ ಮೂರನೇ ಒಂದು ಪಾಲು ಮಾತ್ರ. ಗಂಟೆಗೆ 4 ಲೀಟರ್ ಎಂದು ಡ್ರಿಪ್ಪರ್ (ಪೈಪಿನಿಂದ ಹನಿಹನಿಯಾಗಿ ನೀರು ಬಿಡುವ ಮೂತಿ) ಮೇಲೆ ಬರೆದಿರುವುದು ಒಂದು ಕೆ.ಜಿ. ಒತ್ತಡದ ಲೆಕ್ಕ. ತೊಟ್ಟಿಯ ಹತ್ತಿರದ ಡ್ರಿಪ್ಪರ್ ಕೆಳಗೆ ಅಳತೆಯ ಲೋಟ ಇಟ್ಟು ಆರು ನಿಮಿಷ ಕಾದೆ. 400 ಮಿ.ಲೀ. ಬೀಳಬೇಕಿತ್ತು, ಬಿದ್ದದ್ದು 230. ಹಳೆಯ ಪೈಪಿನ ಕೊನೆಯ ಡ್ರಿಪ್ಪರ್‌ನಲ್ಲಿ ಬರೀ 90. ಸಪೂರ ಪೈಪು ಉದ್ದವಾದಷ್ಟೂ ಒತ್ತಡ ದಾರಿಯಲ್ಲೇ ಕರಗುತ್ತದೆ. ಒತ್ತಡ ಸರಿದೂಗಿಸುವ ದುಬಾರಿ ಡ್ರಿಪ್ಪರ್ ಕೊಳ್ಳಬೇಕೆಂದಿದ್ದೆ. ಅವು ಇಷ್ಟು ಕಡಿಮೆ ಒತ್ತಡದಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲವೆಂದು ತಿಳಿದು ಬಿಟ್ಟೆ.

ಆಮೇಲೆ ಮಣ್ಣು. ಒಣ ಮಡಿಯಲ್ಲಿ ಒಂದೇ ಡ್ರಿಪ್ಪರನ್ನು ಒಂದು ಗಂಟೆ ಬಿಟ್ಟು, ಗುದ್ದಲಿಯಿಂದ ಮಣ್ಣನ್ನು ನೇರವಾಗಿ ಸೀಳಿ ನೋಡಿದೆ. ಮೇಲೆ ಒಂದು ಗೇಣಗಲ ಒದ್ದೆ. ಒಳಗೆ ನೀರು ಮೂಲಂಗಿಯ ಹಾಗೆ ನೆಟ್ಟಗೆ ಒಂದಡಿಗೂ ಮಿಕ್ಕಿ ಇಳಿದಿತ್ತು, ಪಕ್ಕಕ್ಕೆ ಹೆಚ್ಚು ಹರಡಿರಲಿಲ್ಲ. ಎರೆಮಣ್ಣಾಗಿದ್ದರೆ ಅಗಲವಾಗಿ ಹರಡುತ್ತಿತ್ತು. ನನ್ನ ಮಣ್ಣಿಗೆ ಡ್ರಿಪ್ಪರ್‌ಗಳ ನಡುವೆ ಒಂದಡಿಗಿಂತ ಹೆಚ್ಚು ಅಂತರ ಕೂಡದು ಎಂಬುದು ಆ ಗುಂಡಿಯಲ್ಲೇ ತೀರ್ಮಾನವಾಯಿತು. ಯೋಜನೆಯಲ್ಲಿ ಇದರಷ್ಟು ಉಪಕಾರಕ್ಕೆ ಬಂದ ಕೆಲಸ ಬೇರೊಂದಿಲ್ಲ.

ಗ್ರಾಫ್ ಹಾಳೆಯಲ್ಲಿ ಒಂದು ಚೌಕಕ್ಕೆ ಒಂದಡಿಯಂತೆ ಹಿತ್ತಿಲನ್ನು ಬರೆದುಕೊಂಡೆ. ನಡುವೆ ಉದ್ದಕ್ಕೆ ಒಂದಿಂಚಿನ ಪಿವಿಸಿ ಪೈಪು, ಅದರಿಂದ ಎರಡೂ ಬದಿಗೆ 16 ಎಂಎಂ ಪೈಪುಗಳು. ಹೀಗಾಗಿ ಯಾವ ಪೈಪೂ 20 ಅಡಿ ದಾಟಲಿಲ್ಲ. ಮೊದಲ ಮತ್ತು ಕೊನೆಯ ಡ್ರಿಪ್ಪರ್ ನಡುವಿನ ವ್ಯತ್ಯಾಸ ಹತ್ತು ಮಿ.ಲೀ.ಗೆ ಇಳಿಯಿತು. ತೆಂಗಿಗೊಂದು, ಹಣ್ಣಿನ ಗಿಡ ಮತ್ತು ಮಲ್ಲಿಗೆಗೊಂದು, ಮಡಿಗಳಿಗೊಂದು ಎಂದು ಮೂರು ವಾಲ್ವ್.

ನೀರಿನ ಲೆಕ್ಕವೂ ಕಷ್ಟದ್ದಲ್ಲ. ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ನೀರು ನಿಂತರೆ ಒಂದು ಲೀಟರ್. ಕಡು ಬೇಸಿಗೆಗೆ ದಿನಕ್ಕೆ 5 ಮಿ.ಮೀ. ಎಂದು ಹಿಡಿದೆ. 4 ಅಡಿ ಅಗಲ, 15 ಅಡಿ ಉದ್ದದ ಮಡಿಗೆ 28 ಲೀಟರ್ ಆಯಿತು. ಮಡಿಯೊಂದಕ್ಕೆ 30 ಡ್ರಿಪ್ಪರ್. 25 ನಿಮಿಷ ಬಿಟ್ಟರೆ ಸಾಕು. ತೆಂಗಿಗೆ ಮರವೊಂದಕ್ಕೆ 60 ಲೀಟರ್, ಆರು ಡ್ರಿಪ್ಪರ್, ನಾಲ್ಕು ಗಂಟೆಗೂ ಹೆಚ್ಚು. ಇವೆರಡನ್ನೂ ಒಂದೇ ವಾಲ್ವ್‌ಗೆ ಕಟ್ಟಿದರೆ ಕೊತ್ತಂಬರಿ ಉಳಿಯುವುದಾದರೂ ಹೇಗೆ?

ಡ್ರಿಪ್ಪರ್ ಎಲ್ಲಿ ಕೂರಬೇಕು ಎಂದು ಯೋಚಿಸುವಾಗ ಅಜ್ಜಿ ನೆನಪಾದರು. ನಿಂಬೆ ಸಸಿಗೆ ಅವರು ಮಡಕೆ ಹೂತು, ತಳದ ತೂತಿಗೆ ಬಟ್ಟೆಯ ಬತ್ತಿ ತುರುಕಿ ನೀರು ತುಂಬಿಸುತ್ತಿದ್ದರು. ಮಡಕೆಯನ್ನು ಕಾಂಡಕ್ಕೆ ತಾಗಿಸುತ್ತಿರಲಿಲ್ಲ, ಒಂದು ಮೊಳ ದೂರ ಇಡುತ್ತಿದ್ದರು. ನೀರು ಹೀರುವ ಎಳೆ ಬೇರು ಇರುವುದೇ ಅಲ್ಲಿ. ದೊಡ್ಡ ತೆಂಗಿಗೆ ನಾನು ಮೂರೂವರೆ ಅಡಿ ದೂರದಲ್ಲಿ ಸುತ್ತು ಹಾಕಿದೆ.

ಜೋಡಿಸುವ ಕೆಲಸ ಒಂದು ಭಾನುವಾರದಲ್ಲಿ ಮುಗಿಯಿತು. ಪೈಪಿನ ಸುರುಳಿಯನ್ನು ಬಿಸಿಲಲ್ಲಿ ಹರಡಿದರೆ ಸೊಟ್ಟ ಬಿಡುತ್ತದೆ. ತುದಿಯನ್ನು ಬಿಸಿನೀರಲ್ಲಿ ಅದ್ದಿದರೆ ಜಾಯಿಂಟ್ ಸಲೀಸಾಗಿ ಕೂರುತ್ತದೆ.

ಬೋರ್‌ವೆಲ್ ನೀರಿನ ಸುಣ್ಣದ ಕಾಟ ಮಾತ್ರ ಇದ್ದೇ ಇದೆ. ಬಾಯಿಗೆ ಬಿಳಿ ಕೆನೆ ಕಟ್ಟಿದ ಡ್ರಿಪ್ಪರ್‌ಗಳನ್ನು ಬಿಚ್ಚಿ ರಾತ್ರಿಯಿಡೀ ವಿನೆಗರ್‌ನಲ್ಲಿ ನೆನೆಸುತ್ತೇನೆ. ಫಿಲ್ಟರ್ ಜಾಲರಿಯನ್ನು ವಾರಕ್ಕೊಮ್ಮೆ ತೊಳೆಯುತ್ತೇನೆ. ತಿಂಗಳಿಗೊಮ್ಮೆ ಪ್ರತಿ ಪೈಪಿನ ತುದಿ ಬಿಚ್ಚಿ ನೀರು ಬಿಡುತ್ತೇನೆ. ಮೊದಲು ಕೆಂಪು ರಾಡಿ ಬರುತ್ತದೆ, ಅರ್ಧ ನಿಮಿಷದಲ್ಲಿ ತಿಳಿಯಾಗುತ್ತದೆ. ಅಂಗೈಯಲ್ಲಿ ಹಿಡಿದ ನೀರಿನಡಿ ಕೈಗೆರೆ ಕಂಡ ಮೇಲೆಯೇ ತುದಿ ಮಡಚಿ ಕಟ್ಟುತ್ತೇನೆ.