11 ಲಕ್ಷದ ಕೆಲಸ ಒಂದು ಲಕ್ಷದೊಳಗೆ: ನಮ್ಮ ಹಾಸ್ಟೆಲ್ ಸ್ವಿಚ್‌ಗಳ ಕಥೆ

ನಮ್ಮ ಕಾಲೇಜು ಹಾಸ್ಟೆಲ್‌ನಲ್ಲಿ ಸುಮಾರು 300 ನೆಟ್‌ವರ್ಕ್ ಪೋರ್ಟ್ ಇವೆ. ವಾರಕ್ಕೆ ಎರಡು ಸಲವಾದರೂ ಯಾರೋ ವೈಫೈ ರೂಟರ್ ತಂದು, ಅದರ ಲ್ಯಾನ್ ಪೋರ್ಟಿನಿಂದ ಗೋಡೆಗೆ ಕೇಬಲ್ ಹಾಕುತ್ತಿದ್ದರು. ಅಲ್ಲಿಗೆ ಆ ರೂಟರ್‌ನಿಂದ ಇಡೀ ಮಹಡಿಗೆ 192.168.0 ಸಾಲಿನ ತಪ್ಪು ಐಪಿ ಅಡ್ರೆಸ್ ಹಂಚಿಕೆ ಶುರು, ನೆಟ್ ಬಂದ್. ರಾತ್ರಿ ಹನ್ನೊಂದಕ್ಕೆ ನಾನು ರೂಮು ರೂಮು ಹುಡುಕಬೇಕು.

ಡೀಲರ್ ಒಬ್ಬರು ನ್ಯಾಕ್ ಬಾಕ್ಸ್ (ನೆಟ್‌ವರ್ಕಿಗೆ ಯಾರು ಸೇರಬಹುದು ಎಂದು ನಿಯಂತ್ರಿಸುವ ಸಾಧನ) ಇಲ್ಲದೆ ಆಗಲ್ಲ ಅಂದರು. ಕೊಟೇಷನ್ ಹತ್ತಿರ ಹತ್ತಿರ 11 ಲಕ್ಷ. ಸ್ವಿಚ್ಚಿನೊಳಗಿನ ಡಿಎಚ್‌ಸಿಪಿ ಸ್ನೂಪಿಂಗ್ (ನಂಬದ ಪೋರ್ಟಿನಿಂದ ಐಪಿ ಹಂಚುವುದನ್ನು ತಡೆಯುವ ಸೌಲಭ್ಯ) ಸಾಕು ಎಂದರೆ ಆಫೀಸಿನಲ್ಲಿ ಯಾರೂ ಒಪ್ಪಲಿಲ್ಲ. ನಮ್ಮಲ್ಲಿದ್ದದ್ದು ಅನ್‌ಮ್ಯಾನೇಜ್ಡ್ ಸ್ವಿಚ್, ಅಂದರೆ ಯಾವ ಸೆಟ್ಟಿಂಗೂ ಹಾಕಲಾಗದ್ದು. ಬೆಂಗಳೂರಿನ ಎಸ್.ಪಿ. ರೋಡಿನಿಂದ 15 ಹಳೆಯ ಸಿಸ್ಕೊ 2960 ಸ್ವಿಚ್ ತಂದೆ, ಒಂದಕ್ಕೆ ಆರೂವರೆ ಸಾವಿರದ ಆಸುಪಾಸು. ಇದರಲ್ಲೇ ಕಡಿಮೆ ಸೌಲಭ್ಯದ ಲ್ಯಾನ್ ಲೈಟ್ ಕೊಡಲು ಬರುತ್ತಾರೆ, ಬೇಡ ಅನ್ನಿ. ಎಆರ್‌ಪಿ ಇನ್‌ಸ್ಪೆಕ್ಷನ್‌ಗೆ (ಬೇರೆಯವರ ಐಪಿ ತನ್ನದೆಂದು ಹೇಳುವ ಸಾಧನವನ್ನು ತಡೆಯುವುದು) ಲ್ಯಾನ್ ಬೇಸ್ ಬೇಕು. ಒಂದರ ಪವರ್ ಸಪ್ಲೈ ಸತ್ತಿತ್ತು.

ಸ್ನೂಪಿಂಗ್ ಹಾಕಿ ಅಪ್‌ಲಿಂಕ್ (ಮೇಲಿನ ಸ್ವಿಚ್ಚಿಗೆ ಹೋಗುವ ಪೋರ್ಟ್) ಟ್ರಸ್ಟ್ ಮಾಡಿದೆ. ಆದರೂ ಯಾರಿಗೂ ಐಪಿ ಬರಲಿಲ್ಲ! ಎರಡು ದಿನ ತಲೆ ಕೆಡಿಸಿಕೊಂಡೆ. ಕೆಳಗಿನ ಸ್ವಿಚ್ ಐಪಿ ಕೋರಿಕೆಗೆ ಆಪ್ಷನ್ 82 (ಯಾವ ಪೋರ್ಟಿನಿಂದ ಬಂತೆಂಬ ಗುರುತು) ಸೇರಿಸಿ ಕಳಿಸುತ್ತಿತ್ತು, ಮೇಲಿನ ಕೋರ್ ಸ್ವಿಚ್ ಆ ಕೋರಿಕೆಯನ್ನು ಎಸೆಯುತ್ತಿತ್ತು. ಕೆಳಗೆ ಆಪ್ಷನ್ ತೆಗೆದ ತಕ್ಷಣ ಸರಿಹೋಯಿತು.

ಆಮೇಲಿನ ತಪ್ಪು ಪೂರ್ತಿ ನನ್ನದೇ. ಅವಸರಪಟ್ಟು ಅದೇ ಸಂಜೆ ಎಆರ್‌ಪಿ ಇನ್‌ಸ್ಪೆಕ್ಷನ್ ಹಾಕಿದೆ. ಅದು ನೋಡಿ ತಾಳೆ ಹಾಕುವ ಬೈಂಡಿಂಗ್ ಟೇಬಲ್ (ಯಾರಿಗೆ ಯಾವ ಐಪಿ ಎಂದು ಸ್ನೂಪಿಂಗ್ ಬರೆದಿಡುವ ಪಟ್ಟಿ) ಇನ್ನೂ ತುಂಬಿರಲಿಲ್ಲ. ಅರ್ಧ ಹಾಸ್ಟೆಲ್ ಆಫ್. ಬಯೋಮೆಟ್ರಿಕ್ ಯಂತ್ರ, ಕ್ಯಾಮೆರಾ, ಪ್ರಿಂಟರ್ ಎಲ್ಲ ಸ್ಟ್ಯಾಟಿಕ್ ಐಪಿಯವು (ಕೈಯಾರೆ ಹಾಕಿದ್ದು, ಟೇಬಲ್ಲಿಗೆ ಬರಲ್ಲ), ಅವಕ್ಕೆ ಎಆರ್‌ಪಿ ಎಸಿಎಲ್, ಅಂದರೆ ಅನುಮತಿ ಪಟ್ಟಿ, ಬರೆಯಲೇಬೇಕು. ಮೊದಲು ಸ್ನೂಪಿಂಗ್ ಹಾಕಿ, ಒಂದು ಲೀಸ್ (ಐಪಿ ಕೊಟ್ಟ ಅವಧಿ) ಪೂರ್ತಿ ಕಾಯಿರಿ, ಆಮೇಲೆ ಎಆರ್‌ಪಿ ಇನ್‌ಸ್ಪೆಕ್ಷನ್. ಟೇಬಲ್ಲನ್ನು ಫೈಲಿಗೆ ಉಳಿಸುವುದನ್ನೂ ಮರೆಯಬೇಡಿ. ಕರೆಂಟ್ ಹೋಗಿ ಬಂದರೆ ಅದು ಖಾಲಿಯಾಗುತ್ತದೆ, ನಮಗೆ ಒಮ್ಮೆ ಆಯಿತು.

ನಡುವೆ ಸ್ಟಿಕಿ ಪೋರ್ಟ್ ಸೆಕ್ಯುರಿಟಿಯನ್ನೂ (ಮೊದಲು ಕಂಡ ಸಾಧನವನ್ನೇ ಆ ಪೋರ್ಟಿಗೆ ಕಟ್ಟಿಹಾಕುವುದು) ನೋಡಿದೆ. ಹುಡುಗರು ಲ್ಯಾಪ್‌ಟಾಪ್ ಹಿಡಿದು ರೂಮು ಬದಲಿಸುತ್ತಾರಲ್ವಾ, ಮೊದಲ ದಿನವೇ ನಲವತ್ತರಷ್ಟು ಪೋರ್ಟ್ ಬಂದ್. ಈಗ ಸ್ಟಿಕಿ ಇಲ್ಲ, ಪೋರ್ಟಿಗೆ ಮೂರು ಮ್ಯಾಕ್ (ಸಾಧನದ ಗುರುತಿನ ಸಂಖ್ಯೆ), ಮೀರಿದರೆ ರಿಸ್ಟ್ರಿಕ್ಟ್ ಮಾತ್ರ, ಅಂದರೆ ಹೆಚ್ಚಿನದಕ್ಕೆ ತಡೆ, ಪೋರ್ಟ್ ಬಂದ್ ಆಗಲ್ಲ. ಹಳೆ ಡೆಸ್ಕ್‌ಟಾಪಿನಲ್ಲಿ ಫ್ರೀರೇಡಿಯಸ್ (ಪಾಸ್‌ವರ್ಡ್ ಪರೀಕ್ಷಿಸುವ ಉಚಿತ ಸರ್ವರ್ ತಂತ್ರಾಂಶ) ಹಾಕಿ 802.1ಎಕ್ಸ್ (ಲಾಗಿನ್ ಆದರಷ್ಟೇ ಪೋರ್ಟ್ ತೆರೆಯುವ ವಿಧಾನ) ಕೂಡ ಒಂದು ಮಹಡಿಯಲ್ಲಿ ಓಡಿಸಿದೆ. ಚೆನ್ನಾಗಿ ನಡೆಯಿತು, ಆದರೆ ಪಾಸ್‌ವರ್ಡ್ ಮರೆತವರ ಫೋನ್ ಕರೆಯೇ ಜಾಸ್ತಿ.

ಈಗ ಕಳ್ಳ ರೂಟರ್ ಚುಚ್ಚಿದ ಎರಡು ನಿಮಿಷದಲ್ಲಿ ನಾನು ಬರೆದ ಸ್ಕ್ರಿಪ್ಟಿನಿಂದ ರೂಮ್ ನಂಬರ್ ನನ್ನ ಮೊಬೈಲಿಗೆ ಬರುತ್ತದೆ. ಆ ಸ್ಕ್ರಿಪ್ಟ್ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಏಳು ತಿಂಗಳಾಯಿತು, ರಾತ್ರಿ ಒಮ್ಮೆಯೂ ಹಾಸ್ಟೆಲ್ ಮೆಟ್ಟಿಲು ಹತ್ತಿಲ್ಲ. ಮುಂದಿನ ತಿಂಗಳು ಲ್ಯಾಬ್ ಬ್ಲಾಕಿಗೂ ಇದನ್ನೇ ಹಾಕಲು ಆಫೀಸಿನವರೇ ಹೇಳಿದ್ದಾರೆ.